ಯಾರಿಗೂ ಹೇಳಬೇಡಿ ಎಂದ ಹುಡುಗ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಐದನೇ ತರಗತಿಗೆ ಗಣಿತ ಹೇಳುವ ಹಿರಿಯ ಸರ್ ಒಬ್ಬರಿದ್ದಾರೆ. ಅವರ ಕೈಯಲ್ಲಿ ಕಲಿತ ಮಕ್ಕಳು ವರ್ಷವರ್ಷವೂ ನವೋದಯ, ಮೊರಾರ್ಜಿ ಶಾಲೆಗಳಿಗೆ ಆಯ್ಕೆಯಾಗುತ್ತಾರೆ. ಊರಿನಲ್ಲಿ ಅವರ ಮಾತಿಗೆ ಎದುರಿಲ್ಲ. ಮಗ್ಗಿ ತಪ್ಪಿದವರಿಗೆ ಪ್ಲಾಸ್ಟಿಕ್ ಪೈಪಿನಲ್ಲಿ ಹೊಡೆಯುತ್ತಾರೆ. ಕಳೆದ ವಾರ ಒಬ್ಬ ಹುಡುಗ ನೆಟ್ಟಗೆ ಕೂರಲಾರದೆ ಒದ್ದಾಡುತ್ತಿದ್ದ. ವಿಚಾರಿಸಿದಾಗ ಕಾಲಿನ ಬಾಸುಂಡೆ ತೋರಿಸಿದ. ಬೆನ್ನ ಮೇಲೆ ಹಳೆಯ ಗಾಯದ ಗುರುತೂ ಇತ್ತು. ಅದು ಅಪ್ಪ ಬೆಲ್ಟಿನಿಂದ ಹೊಡೆದದ್ದಂತೆ. “ಯಾರ ಮುಂದೂ ಹೇಳಬ್ಯಾಡ್ರಿ ಟೀಚರ್. ಸರ್ ಬಡಿದ್ರು ಅಂತ ಗೊತ್ತಾದ್ರ ಅಪ್ಪ ಮತ್ತ ಬಡಿತಾನ” ಎಂದು ಅತ್ತ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಹೆಸರೆತ್ತದೆ ಹೆಡ್‌ಮಾಸ್ಟರ್ ಬಳಿ ವಿಷಯ ತೆಗೆದರೆ, “ಪಾಲಕರೇ ಬಂದು ಕಣ್ಣೊಂದು ಬಿಟ್ಟು ಎಲ್ಲಾದರೂ ಹೊಡೀರಿ ಅಂತಾರ, ನೀವ್ಯಾಕ ತಲಿ ಕೆಡಿಸ್ಕೊಳ್ತೀರಿ” ಎಂದರು. ಮುಂದಿನ ಜೂನ್‌ನಲ್ಲಿ ನನ್ನನ್ನು ಮತ್ತೆ ತೆಗೆದುಕೊಳ್ಳುವುದು ಅವರ ಮಾತಿನ ಮೇಲಿದೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ಹುಡುಗನನ್ನು ಮನೆಯಿಂದಲೇ ಕರೆದೊಯ್ದುಬಿಡುತ್ತಾರೇನೋ ಎಂಬ ಭಯವೂ ಇದೆ. ನಾನೂ ಏಟು ತಿಂದೇ ಓದಿದವಳು. ಸುಮ್ಮನೆ ಸಣ್ಣದನ್ನು ದೊಡ್ಡದು ಮಾಡುತ್ತಿದ್ದೇನೆಯೇ?
– ಹೆಸರು ಬೇಡ

ಉತ್ತರ: ಇಲ್ಲ ತಂಗಿ, ದೊಡ್ಡದು ಮಾಡುತ್ತಿಲ್ಲ. ಹತ್ತು ವರ್ಷದ ಮಗು ಕೂರಲಾರದಷ್ಟು ಏಟು ತಿಂದಿದೆ ಎಂದರೆ ಅದನ್ನು ಶಿಸ್ತು ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಅದು ಗಾಯ. ಆ ಹುಡುಗನಿಗೆ ಶಾಲೆಯಲ್ಲೂ ಏಟು, ಮನೆಯಲ್ಲೂ ಏಟು. ಬಾಯಿ ಬಿಟ್ಟು ಹೇಳಲು ಅವನಿಗೆ ಸಿಕ್ಕಿದ್ದು ನೀವೊಬ್ಬರೇ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ನೀವು ಕೊಟ್ಟ ಮಾತು. ಆ ಕ್ಷಣದಲ್ಲಿ ಯಾರಾದರೂ ಹಾಗೆಯೇ ಮಾತು ಕೊಡುತ್ತಿದ್ದರು. ಆದರೆ ಅದನ್ನು ಉಳಿಸಿಕೊಳ್ಳಲು ಆಗದು. ಆಗದು ಎನ್ನುವುದನ್ನು ಹುಡುಗನಿಗೆ ನೀವೇ, ಬೇರೆ ಯಾರಿಗೂ ಹೇಳುವ ಮೊದಲು, ಹೇಳಬೇಕು. ಅವನಿಗೆ ತಿಳಿಸದೆ ಕರೆ ಮಾಡಿ, ನಾಳೆ ಯಾರೋ ಅಪರಿಚಿತರು ಬಂದು “ನಿನ್ನ ಬೆನ್ನು ತೋರಿಸು” ಎಂದರೆ ಅವನು ಇನ್ನು ಯಾವ ದೊಡ್ಡವರನ್ನೂ ನಂಬಲಿಕ್ಕಿಲ್ಲ. ಬೇರೆ ಮಕ್ಕಳಿಲ್ಲದ ಹೊತ್ತಿನಲ್ಲಿ, ಅವನ ಮಾತಿನಲ್ಲೇ ಹೇಳಿ: “ಅವತ್ತು ಯಾರಿಗೂ ಹೇಳಂಗಿಲ್ಲ ಅಂದಿದ್ದೆ. ಆದ್ರ ನಿನಗ ಇನ್ನ ಏಟು ಬೀಳಬಾರದು ಅಂದ್ರ ಒಂದಿಬ್ಬರು ದೊಡ್ಡವ್ರಿಗೆ ಹೇಳಲೇಬೇಕಾಗ್ತದ. ಯಾರಿಗೆ ಹೇಳ್ತೀನಿ ಅನ್ನೋದನ್ನ ಮೊದಲು ನಿನಗ ಹೇಳ್ತೀನಿ. ತಪ್ಪು ನಿಂದಲ್ಲ.” ಅವನು ಸಿಟ್ಟಾಗಬಹುದು, ನಾಲ್ಕು ದಿನ ನಿಮ್ಮ ಮುಖ ನೋಡದಿರಬಹುದು. ತಾಳಿಕೊಳ್ಳಿ. ಮತ್ತೆ ಮತ್ತೆ ಕೆದಕಿ ಕೇಳಬೇಡಿ. ಹೇಳಬೇಕಾದದ್ದನ್ನು ಹೇಳಿಯಾಗಿದೆ, ಎಷ್ಟು ಏಟು, ಎಷ್ಟು ಸಲ ಎಂದು ಹತ್ತು ಸಲ ಕೇಳಿದರೆ ತನ್ನ ಮಾತನ್ನು ನಂಬುತ್ತಿಲ್ಲವೆಂದೇ ಅವನಿಗೆ ಅನಿಸುತ್ತದೆ. ತರಗತಿಯಲ್ಲಿ ಬೇರೆ ಮಕ್ಕಳನ್ನು ನಿಲ್ಲಿಸಿ ಸಾಕ್ಷಿ ಕೇಳುವುದಂತೂ ಕೂಡದು.

ಇವತ್ತೇ ಒಂದು ಹಾಳೆಯಲ್ಲಿ ತಾರೀಖು ಹಾಕಿ ಬರೆದಿಡಿ. ಅವನು ಏನು ಹೇಳಿದ, ಅವನದೇ ಮಾತುಗಳಲ್ಲಿ. ಬಾಸುಂಡೆ ಎಲ್ಲಿತ್ತು, ಹಳೆಯ ಗುರುತು ಎಲ್ಲಿತ್ತು, ಹೆಡ್‌ಮಾಸ್ಟರ್ ಏನೆಂದರು. ನಿಮ್ಮ ಊಹೆ ಬೇಡ, ಕಂಡದ್ದು ಕೇಳಿದ್ದು ಸಾಕು. ಗಾಯದ ಫೋಟೊ ತೆಗೆದು ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿಗೋ ಪರಿಚಯದ ಪತ್ರಕರ್ತರಿಗೋ ಕಳಿಸುವ ಆಸೆ ಬಂದರೆ ಅದುಮಿಕೊಳ್ಳಿ. ಇಂಥ ಮಗುವಿನ ಗುರುತು ಮಾಧ್ಯಮದಲ್ಲಿ ಹೊರಬೀಳುವುದನ್ನು 2015ರ ಬಾಲನ್ಯಾಯ ಕಾಯ್ದೆ ತಡೆದಿದೆ. ಆರು ತಿಂಗಳವರೆಗೆ ಸೆರೆ, ಎರಡು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಅದಕ್ಕಿಂತ ಹೆಚ್ಚಾಗಿ, ಆ ಫೋಟೊ ಊರೆಲ್ಲ ತಿರುಗಿ ಕೊನೆಗೆ ತಲುಪುವುದು ಅವನ ಅಪ್ಪನ ಮೊಬೈಲಿಗೇ.

ಇನ್ನು ಹೆಡ್‌ಮಾಸ್ಟರ್ ಹೇಳಿದ “ಕಣ್ಣೊಂದು ಬಿಟ್ಟು” ಮಾತು. ನಮ್ಮ ಊರುಗಳಲ್ಲಿ ತಂದೆ ತಾಯಿ ಇದನ್ನು ಹೇಳುವುದು ಮೇಷ್ಟ್ರ ಮೇಲಿನ ಗೌರವದಿಂದ. ಮಗ ಒಬ್ಬ ಮನುಷ್ಯನಾಗಲಿ ಎಂಬ ಆಸೆಯೂ ಅದರಲ್ಲಿದೆ. ಆ ಆಸೆಯನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ ಪಾಲಕರು ಒಪ್ಪಿದ ಮಾತ್ರಕ್ಕೆ ಹೊಡೆಯುವ ಹಕ್ಕು ಹುಟ್ಟುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದರ 17ನೇ ಕಲಂ, ಮಗುವಿಗೆ ದೈಹಿಕ ಶಿಕ್ಷೆ ಕೊಡಕೂಡದು, ಮಾನಸಿಕ ಕಿರುಕುಳವನ್ನೂ ಕೊಡಕೂಡದು ಎನ್ನುತ್ತದೆ. ಮೀರಿದವರ ಮೇಲೆ ಸೇವಾ ನಿಯಮದಂತೆ ಶಿಸ್ತುಕ್ರಮ. ಪಾಲಕರು ಬರೆದುಕೊಟ್ಟರೆ ಪರವಾಗಿಲ್ಲ ಎಂಬ ವಿನಾಯಿತಿ ಅದರಲ್ಲಿಲ್ಲ. ಅದಕ್ಕೂ ಮುಂಚೆ, 2000ದಲ್ಲಿಯೇ ದೆಹಲಿ ಹೈಕೋರ್ಟು ಅಲ್ಲಿನ ಶಾಲಾ ನಿಯಮಗಳಲ್ಲಿದ್ದ ದೈಹಿಕ ಶಿಕ್ಷೆಯ ಅವಕಾಶವನ್ನು ತೆಗೆದುಹಾಕಿತ್ತು. ಬಾಲನ್ಯಾಯ ಕಾಯ್ದೆಯ 75ನೇ ಕಲಂ ಇನ್ನೂ ಕಟುವಾಗಿದೆ. ಮಗುವಿನ ಹೊಣೆ ಹೊತ್ತವರೇ ಅದರ ಮೇಲೆ ಹಲ್ಲೆ ಮಾಡಿ ಯಾತನೆ ಕೊಟ್ಟರೆ ಮೂರು ವರ್ಷದವರೆಗೆ ಸೆರೆ, ಇಲ್ಲವೇ ಒಂದು ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ಬೆಲ್ಟು ಹಿಡಿದ ಅಪ್ಪನಿಗೂ ಈ ಕಲಂ ಅನ್ವಯಿಸುತ್ತದೆ.

ಯಾರಿಗೆ ಮೊದಲು ಹೇಳಬೇಕು? ಬರೀ ಶಾಲೆಯ ಏಟಾಗಿದ್ದರೆ, ಹೆಡ್‌ಮಾಸ್ಟರರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಅಲ್ಲಿ ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ ಹೋಗಿ ಎನ್ನುತ್ತಿದ್ದೆ. ಶಿಕ್ಷಣ ಹಕ್ಕು ಕಾಯ್ದೆಯಡಿ ಬಂದ ದೂರನ್ನು ಸ್ಥಳೀಯ ಪ್ರಾಧಿಕಾರ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಅದರ ಮೇಲೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವಿದೆ. ಆದರೆ ನಿಮ್ಮ ಹುಡುಗನ ವಿಷಯದಲ್ಲಿ ಆ ದಾರಿ ಅಪಾಯದ್ದು. ಹೆಡ್‌ಮಾಸ್ಟರ್ ಮಾಡುವ ಮೊದಲ ಕೆಲಸ ಅಪ್ಪನನ್ನು ಶಾಲೆಗೆ ಕರೆಸುವುದು. ಆ ರಾತ್ರಿ ಮನೆಯಲ್ಲಿ ಏನಾಗುತ್ತದೆ ಎಂದು ಹುಡುಗ ಆಗಲೇ ನಿಮಗೆ ಹೇಳಿದ್ದಾನೆ. ಆದ್ದರಿಂದ ಮೊದಲ ಕರೆ 1098ಕ್ಕೆ. ನಿಮ್ಮ ಹೆಸರನ್ನು ಗುಟ್ಟಾಗಿಡಿ ಎಂದು ಕೇಳಿಕೊಳ್ಳಿ. ಇನ್ನೊಂದು ಮಾತನ್ನು ಬಿಡಿಸಿ ಹೇಳಿ: “ಅಪ್ಪನಿಗೆ ಸುದ್ದಿ ತಿಳಿದರೆ ಮತ್ತೆ ಹೊಡೆಯುತ್ತಾನೆ ಎಂದು ಮಗು ಹೆದರಿದೆ. ಮನೆಗೆ ಹೋಗುವ ಮುಂಚೆ ಯೋಚನೆ ಮಾಡಿ ಹೋಗಿ.” ಮನೆಯಲ್ಲಿ ಅವನ ಪರ ನಿಲ್ಲುವ ಅಜ್ಜಿಯೋ ಸೋದರಮಾವನೋ ಇದ್ದರೆ ಅದನ್ನೂ ತಿಳಿಸಿ. ನೀವಾಗಿ ಅಪ್ಪನ ಬಳಿ ಮಾತಿಗೆ ಹೋಗಬೇಡಿ.

ಮನೆಯಿಂದ ಕರೆದೊಯ್ಯುತ್ತಾರೆ ಎಂಬ ನಿಮ್ಮ ಭಯ ಅನೇಕರದು. ಇದರಿಂದಲೇ ಎಷ್ಟೋ ಜನ ಫೋನು ಕೈಗೆತ್ತಿಕೊಂಡು ಮತ್ತೆ ಇಟ್ಟುಬಿಡುತ್ತಾರೆ. ಸಹಾಯವಾಣಿಯಿಂದ ವಿಷಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗುತ್ತದೆ, ಬೇಕಾದರೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರುತ್ತದೆ. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರ ಈ ಸಮಿತಿಯಲ್ಲಿ ಒಬ್ಬರಾದರೂ ಮಹಿಳೆ ಇರಲೇಬೇಕು. ಮಗುವನ್ನು ಸಂಸ್ಥೆಯಲ್ಲಿಡುವುದು ಬೇರೆ ದಾರಿಯೇ ಇಲ್ಲದಾಗಿನ ಕೊನೆಯ ಕ್ರಮ ಎಂದು ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ಅಪ್ಪನನ್ನು ಕೂರಿಸಿ ಎಚ್ಚರಿಸುವುದು, ಮನೆಗೆ ಭೇಟಿ ಕೊಡುತ್ತಿರುವುದು, ಕುಡಿತವೋ ಸಾಲವೋ ಇದ್ದರೆ ಅದಕ್ಕೆ ದಾರಿ ತೋರಿಸುವುದು – ಇವೆಲ್ಲ ಅದಕ್ಕೂ ಮೊದಲು ಆಗಬೇಕಾದ ಕೆಲಸಗಳು. ಎಲ್ಲ ಜಿಲ್ಲೆಗಳಲ್ಲೂ ಎಲ್ಲವೂ ಅಚ್ಚುಕಟ್ಟಾಗಿ ನಡೆಯುತ್ತದೆ ಎಂದು ನಾನು ಹೇಳಲಾರೆ. ವಾರ ಕಳೆದರೂ ಯಾರೂ ಬರದಿದ್ದರೆ ಮತ್ತೆ ಕರೆ ಮಾಡಿ, ಸಮಿತಿಗೇ ನೇರವಾಗಿ ಬರೆಯಿರಿ.

ನಿಮ್ಮ ಕೆಲಸಕ್ಕೆ ಏನೂ ಆಗುವುದಿಲ್ಲ ಎಂದೂ ನಾನು ಭರವಸೆ ಕೊಡಲಾರೆ. ಸಣ್ಣ ಊರಿನಲ್ಲಿ ಕರೆ ಮಾಡಿದವರು ಯಾರೆಂದು ಊಹಿಸುವುದು ಕಷ್ಟವಲ್ಲ. ಕಾಯಂ ಇಲ್ಲದ ಒಬ್ಬ ಹೆಣ್ಣುಮಗಳ ಮೇಲೆ ಈ ಭಾರ ಬಿದ್ದಿರುವುದು ಅನ್ಯಾಯ. ಅದು ನಿಜವಾಗಿ ಹೆಡ್‌ಮಾಸ್ಟರರು ಹೊರಬೇಕಾಗಿದ್ದ ಭಾರ. ಶಾಲೆಯಲ್ಲಿ ನೀವು ನಂಬುವ ಇನ್ನೊಬ್ಬ ಟೀಚರ್ ಇದ್ದರೆ ಜತೆಗೆ ಕರೆದುಕೊಳ್ಳಿ. ಯಾರೂ ಬರದಿದ್ದರೂ ನೀವು ಕರೆ ಮಾಡಬೇಕೆಂಬುದೇ ನನ್ನ ಅಭಿಪ್ರಾಯ.

ಇದನ್ನು ಓದುವ ಬೇರೆ ಶಿಕ್ಷಕರಿಗೆ ಒಂದು ವಿಷಯ. ಮಗು ಹೇಳಿದ್ದು ಲೈಂಗಿಕ ದೌರ್ಜನ್ಯದ ಮಾತಾಗಿದ್ದರೆ ಇಷ್ಟು ತೂಗಿನೋಡಲು ಅವಕಾಶವೇ ಇಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರೇ ತಮ್ಮ ಕೈಕೆಳಗಿನವರ ಕೃತ್ಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆ. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯನ್ನೂ ಹೊರಿಸುವಂತಿಲ್ಲ. “ಮೊದಲು ಖಚಿತಪಡಿಸಿಕೊಳ್ಳೋಣ” ಎಂದು ಸ್ಟಾಫ್ ರೂಮಿನಲ್ಲಿ ವಿಚಾರಣೆ ನಡೆಸುವುದು ಬೇಡ. ಖಚಿತಪಡಿಸುವುದು ಪೊಲೀಸರ ಕೆಲಸ, ತಿಳಿಸುವುದು ನಮ್ಮದು.

ಆ ಹಿರಿಯ ಸರ್ ವಿಷಯಕ್ಕೆ ಬರುತ್ತೇನೆ. ಅವರನ್ನು ರಾಕ್ಷಸ ಎಂದು ನಾನು ಕರೆಯುವುದಿಲ್ಲ. ಸರ್ಕಾರಿ ಶಾಲೆಯ ಮಕ್ಕಳನ್ನು ನವೋದಯಕ್ಕೆ ಕಳಿಸಬೇಕೆಂದು ಬೆವರು ಸುರಿಸುವವರು ಅವರು. ಆದರೆ ಆಯ್ಕೆಯಾದ ಹುಡುಗರ ಹೆಸರು ಊರಿಗೆಲ್ಲ ಗೊತ್ತು. ಗಣಿತದ ಪೀರಿಯಡ್ಡಿಗೆ ಹೆದರಿ ಹೊಟ್ಟೆನೋವು ಎಂದು ಮನೆಯಲ್ಲುಳಿದವರ, ನಿಧಾನವಾಗಿ ಶಾಲೆಯನ್ನೇ ಬಿಟ್ಟವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ನಿಮ್ಮ “ನಾನೂ ಏಟು ತಿಂದೇ ಓದಿದವಳು” ಎಂಬ ಮಾತಿಗೂ ಇದೇ ನನ್ನ ಉತ್ತರ. ನಿಮ್ಮ ಜತೆ ಏಟು ತಿಂದು ಶಾಲೆ ಬಿಟ್ಟ ಗೆಳತಿಯರು ಟೀಚರ್ ಆಗಲಿಲ್ಲ, ನನಗೆ ಪತ್ರವನ್ನೂ ಬರೆಯಲಿಲ್ಲ. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ ನಡೆಸಿದ ಅಧ್ಯಯನದ ವರದಿ ಬಂತು. ಶಾಲೆಗೆ ಹೋಗುವ ಮಕ್ಕಳಲ್ಲಿ ನೂರಕ್ಕೆ 65 ಮಂದಿ ತಮಗೆ ದೈಹಿಕ ಶಿಕ್ಷೆಯಾಗಿದೆ ಎಂದಿದ್ದರು. ಏಟು ಅಷ್ಟು ಮಾಮೂಲಿಯಾದದ್ದರಿಂದಲೇ ನಮಗೆ ಅದು ಕಣ್ಣಿಗೆ ಬೀಳುವುದಿಲ್ಲ.

ಹೊಡೆಯದೆ ಕಲಿಸುವುದು ಪಟ್ಟಣದ ಶೋಕಿ ಎನ್ನುವವರಿಗೆ ನಮ್ಮದೇ ಉದಾಹರಣೆ ಇದೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಸರ್ಕಾರಿ ಶಾಲೆಗಳ ಶಿಕ್ಷಕರೇ ಕೂಡಿ ಕಟ್ಟಿದ ನಲಿ-ಕಲಿ ಪದ್ಧತಿ ಮುಂದೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಕಾರ್ಡು, ಹಾಡು, ಗುಂಪು ಎಂದು ಕಲಿತ ಅದೇ ಮಗು ಮೇಲಿನ ತರಗತಿಗೆ ಬಂದಾಗ ಪೈಪು ಎದುರಾಗುತ್ತದೆ. ಸರ್ ಜತೆ ಮಾತಾಡುವ ಧೈರ್ಯ ನಿಮಗೆ ಬಂದರೆ ಕಾನೂನಿನಿಂದ ಶುರು ಮಾಡಬೇಡಿ. “ಮಗ್ಗಿ ಬರದ ಆರೇಳು ಮಕ್ಕಳನ್ನ ಕಡೇ ಪೀರಿಯಡ್ಡಿನಾಗ ನನಗ ಕೊಡ್ರಿ ಸರ್, ನಾ ನೋಡ್ಕೊಳ್ತೀನಿ” ಎಂದು ಕೇಳಿ. ಅವರು ಒಪ್ಪಿದರೆ ಆ ಮಕ್ಕಳಿಗೆ ದಿನದ ಏಟೊಂದು ತಪ್ಪೀತು. ಒಪ್ಪದಿದ್ದರೆ ಬಿಇಒಗೆ ಬರೆಯುವ ದಾರಿ ಇದ್ದೇ ಇದೆ. ಹಾಗೆಂದು ಈ ಮಾತುಕತೆಯ ಫಲ ಕಾದುನೋಡಿ ಆಮೇಲೆ 1098ಕ್ಕೆ ಕರೆ ಮಾಡೋಣ ಎಂದುಕೊಳ್ಳಬೇಡಿ.

ಹುಡುಗ ಈಗಲೂ ಕುಂಟುತ್ತಿದ್ದರೆ, ಬಾಸುಂಡೆ ಬಾತು ಬಿಸಿಯಾಗಿದ್ದರೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಬೇಕು ಎಂದು ಕರೆಯಲ್ಲೇ ಹೇಳಿ. 1098 ಉಚಿತ ಕರೆ, ಹಗಲು ರಾತ್ರಿ 24 ಗಂಟೆಯೂ ನಡೆಯುತ್ತದೆ. ಹುಡುಗನ ಜತೆ ಮಾತಾಡಿದ ದಿನವೇ, ಶಾಲೆಯಿಂದ ಮನೆಗೆ ಬಂದ ಕೂಡಲೇ ಕರೆ ಮಾಡಿ.