ತೂತಿನ ಅಂಚಿನಲ್ಲಿ ಸಿಗುವ ಸ್ಯಾಂಪಲ್

ನಮ್ಮ ಬ್ರೂಕ್‌ಫೀಲ್ಡ್ ಪಕ್ಕದ ವೈಟ್‌ಫೀಲ್ಡ್‌ನಲ್ಲಿ 2000ನೇ ಇಸವಿಯಿಂದ ಜಿಇ ಕಂಪನಿಯ ಜಾನ್ ಎಫ್. ವೆಲ್ಚ್ ಟೆಕ್ನಾಲಜಿ ಸೆಂಟರ್ ಇದೆ. ಅಲ್ಲಿ ಜೆಟ್ ಎಂಜಿನ್‌ಗಳ ಮೇಲೂ ಕೆಲಸ ನಡೆಯುತ್ತೆ. ಜೆಟ್ ಎಂಜಿನ್‌ನ ಟರ್ಬೈನ್ ಬ್ಲೇಡ್ ನಿಕ್ಕಲ್ ಮಿಶ್ರಲೋಹದ್ದು. ಅಷ್ಟು ಬಿಸಿಯಲ್ಲೂ ಅದು ಗಟ್ಟಿಯಾಗಿರೋಕೆ ಕಾರಣ ಲೋಹದೊಳಗಿನ ಸುಮಾರು ಅರ್ಧ ಮೈಕ್ರಾನ್ ಅಳತೆಯ ಕಣಗಳು. ಅವುಗಳ ಸುತ್ತ ಪರಮಾಣುಗಳ ಸಾಲು ಎಲ್ಲಿ ತಪ್ಪಿದೆ, ಅಂದ್ರೆ ಡಿಸ್‌ಲೊಕೇಶನ್ ಎಲ್ಲಿದೆ ಅಂತ ನೋಡೋಕೆ ಟ್ರಾನ್ಸ್‌ಮಿಷನ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್, ಅಂದ್ರೆ ಟಿಇಎಂ ಬೇಕು. ಬೆಂಗಳೂರಿನಲ್ಲಿ ಐಐಎಸ್ಸಿ ಮತ್ತು ಜಕ್ಕೂರಿನ ಜೆಎನ್‌ಸಿಎಎಸ್‌ಆರ್‌ನಲ್ಲಿ ಇಂಥವು ಇವೆ.

ಟಿಇಎಂನಲ್ಲಿ ಎಲೆಕ್ಟ್ರಾನ್‌ಗಳು ಸ್ಯಾಂಪಲ್ ಒಳಗಿಂದಲೇ ಹಾದು ಹೋಗಬೇಕು. ಆದ್ದರಿಂದ ದಪ್ಪ ಸುಮಾರು 100 ನ್ಯಾನೋಮೀಟರ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ತಲೆಗೂದಲು 70 ಮೈಕ್ರಾನ್ ಅಂದುಕೊಂಡರೆ, ಅದರ 700ರಲ್ಲಿ ಒಂದು ಪಾಲು!

ಮಾಡೋದು ಹೇಗೆ?

1. ಲೋಹವನ್ನು ನಿಧಾನವಾಗಿ ತಿರುಗುವ ವಜ್ರದ ಬ್ಲೇಡ್‌ನಲ್ಲಿ ತೆಳುವಾಗಿ ಕತ್ತರಿಸಬೇಕು.

2. ಎಮರಿ ಪೇಪರ್ ಮೇಲೆ ಸುಮಾರು 100 ಮೈಕ್ರಾನ್‌ವರೆಗೆ ಉಜ್ಜಬೇಕು. ಪೇಪರಿನ ಕಣ 15 ಮೈಕ್ರಾನ್ ಆದರೆ ಅದರ ಪೆಟ್ಟು ಸುಮಾರು ಮೂರು ಪಟ್ಟು, ಅಂದ್ರೆ 45 ಮೈಕ್ರಾನ್ ಆಳ ಹೋಗುತ್ತೆ ಅನ್ನೋದು ಒಂದು ಅಂದಾಜು ಲೆಕ್ಕ. ಮುಂದಿನ ನುಣುಪು ಪೇಪರ್ ಅಷ್ಟನ್ನೂ ತೆಗೆಯಬೇಕು.

3. ಅದರಿಂದ 3 ಮಿ.ಮೀ. ಅಗಲದ ಬಿಲ್ಲೆ ತೆಗೆಯಬೇಕು.

4. ಲೋಹವಾದರೆ, ತಂಪು ಮಾಡಿದ ಆಸಿಡ್ ದ್ರಾವಣವನ್ನು ಎರಡೂ ಕಡೆಯಿಂದ ಚಿಮ್ಮಿಸಿ ಕರೆಂಟ್ ಹಾಯಿಸಬೇಕು. ಮಧ್ಯೆ ತೂತು ಬಿದ್ದು ಬೆಳಕು ಆಚೆ ಬಂದ ತಕ್ಷಣ ಯಂತ್ರ ನಿಲ್ಲುತ್ತೆ. ಸೆರಾಮಿಕ್ ಆದರೆ ಮಧ್ಯದಲ್ಲಿ ಗುಳಿ ಮಾಡಿ, ಆರ್ಗಾನ್ ಅಯಾನುಗಳಿಂದ ಓರೆಯಾಗಿ ಕೊರೆಯುತ್ತಾರೆ.

ತೂತು ಬಿದ್ದರೆ ಸ್ಯಾಂಪಲ್ ಹಾಳಾಯ್ತು ಅಂತಲ್ಲ. ತೂತಿನ ಅಂಚೇ ಎಲ್ಲಕ್ಕಿಂತ ತೆಳು. ನಾವು ನೋಡೋದು ಅಲ್ಲೇ.

ಈಗ ಮುಖ್ಯ ವಿಷಯ. ತೆಳು ಮಾಡುವ ಕೆಲಸವೇ ಸ್ಯಾಂಪಲ್ಲನ್ನು ಬದಲಾಯಿಸಬಹುದು. ಇಕ್ಕಳದಲ್ಲಿ ಹಿಡಿಯುವಾಗ ಬಿಲ್ಲೆ ಸ್ವಲ್ಪ ಬಾಗಿದರೂ ಹೊಸ ಡಿಸ್‌ಲೊಕೇಶನ್ ಹುಟ್ಟುತ್ತೆ. ಚಿಪ್‌ಗಳಿಗೆ ಬಳಸುವ ಗ್ಯಾಲಿಯಂ ಅಯಾನು ಕಿರಣದಲ್ಲೂ ಇದೇ ಕಥೆ. 30 ಕಿಲೋವೋಲ್ಟ್‌ನಲ್ಲಿ ಅದು ಸಿಲಿಕಾನ್‌ನ ಪ್ರತಿ ಬದಿಯಲ್ಲಿ ಸುಮಾರು 20 ನ್ಯಾನೋಮೀಟರ್ ಕೆಡಿಸುತ್ತೆ. 100 ನ್ಯಾನೋಮೀಟರ್ ಹಾಳೆಯಲ್ಲಿ 40 ಹೋಯ್ತು! ಅದಕ್ಕೇ ಕೊನೆಯ ಹಂತವನ್ನು 5 ಅಥವಾ 2 ಕಿಲೋವೋಲ್ಟ್‌ಗೆ ಇಳಿಸುತ್ತಾರೆ.

ಬ್ಲೇಡ್ ಯಾಕೆ ಮುರಿಯಿತು ಅಂತ ಹುಡುಕುವಾಗ, ನಾವೇ ಮಾಡಿದ ಗಾಯವನ್ನು ಎಂಜಿನ್‌ನಲ್ಲಿ ಆದ ಗಾಯ ಅಂದುಕೊಂಡರೆ ತೀರ್ಮಾನವೇ ತಪ್ಪುತ್ತೆ. ಹಾಗಾಗಿ ಅನುಮಾನ ಬಂದರೆ ಅದೇ ಲೋಹದ ಇನ್ನೊಂದು ಚೂರನ್ನು ಬೇರೆ ವಿಧಾನದಲ್ಲಿ ತೆಳು ಮಾಡಿ ನೋಡಬೇಕು. ಎರಡರಲ್ಲೂ ಕಂಡಿದ್ದನ್ನು ಲೋಹದ್ದು ಅಂತ ಹೆಚ್ಚು ಧೈರ್ಯವಾಗಿ ಹೇಳಬಹುದು. ಒಂದರಲ್ಲಿ ಮಾತ್ರ ಕಂಡಿದ್ದರೆ, ರಿಪೋರ್ಟ್ ಬರೆಯೋ ಮೊದಲು ಆ ವಿಧಾನವನ್ನೇ ಪರೀಕ್ಷಿಸಿ.