ಗಾಯಕಿಯ ಕರಾರು: ಒಂದು ಪತ್ರಪಾಠ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಒಂದು ಪಾಠವನ್ನು ಬರೆದುಕೊಡಬೇಕೆಂದು ಹಳೆಯ ವಿದ್ಯಾರ್ಥಿಗಳು ಕೇಳಿದರು. ಪತ್ರಲೇಖನದ ಪಾಠವೇ ಜೀವನಕ್ಕೆ ಹೆಚ್ಚು ಒದಗಿತೆಂದು ಅನೇಕರು ಹೇಳಿದ್ದರಿಂದ ಅದನ್ನೇ ಆರಿಸಿಕೊಂಡಿದ್ದೇನೆ.

ನಮ್ಮ ಗಡಿನಾಡಿನ ಸಂಗೀತ ರಂಗಭೂಮಿಗೆ ಭಾಷೆಯ ಬೇಲಿಯಿರಲಿಲ್ಲ. ಕೊಲ್ಲಾಪುರದ ಕೇಶವರಾವ ಭೋಸಲೆಯವರು 1908ರಲ್ಲಿ ‘ಲಲಿತಕಲಾದರ್ಶ’ ಮಂಡಳಿಯನ್ನು ಸ್ಥಾಪಿಸಿದ್ದು ಹುಬ್ಬಳ್ಳಿಯಲ್ಲಿ. ಬೀಳಗಿಯ ಗೋಹರಬಾಯಿಯವರು ಬಾಲಗಂಧರ್ವರೊಡನೆ ಮರಾಠಿ ರಂಗದಲ್ಲಿ ಹಾಡಿದರು. ಅವರ ತಂಗಿ ಅಮೀರಬಾಯಿ ಕರ್ನಾಟಕಿಯವರು 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ಇಂಥವರ ಹಿಂದೆ ಊರೂರು ಸುತ್ತಿ ಹಾಡಿದ, ಹೆಸರುಳಿಯದ ನಟಿಯರು ಅದೆಷ್ಟೋ ಮಂದಿ.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಗಡಹಿಂಗ್ಲಜದಲ್ಲಿ ಒಂದು ನಾಟಕ ಕಂಪನಿ ಬಿಡಾರ ಹೂಡಿತ್ತು. ಅದರಲ್ಲಿ ಹಾಡುತ್ತಿದ್ದ ಬಾಯಿಯೊಬ್ಬರು ನನ್ನನ್ನು ಕರೆದು, “ತಮ್ಮಾ, ಇದನ್ನಷ್ಟು ಓದಿ ಹೇಳಪ್ಪಾ” ಎಂದು ಕಂತ್ರಾಟುದಾರನ ಪತ್ರವನ್ನು ಕೈಗಿತ್ತರು. ಪತ್ರ ಮರಾಠಿಯಲ್ಲಿತ್ತು, ಅವರು ಬಲ್ಲದ್ದು ಕನ್ನಡ, ಅದೂ ಮಾತಿನಲ್ಲಿ ಮಾತ್ರ. ನಾನು ಸಾಲುಸಾಲಾಗಿ ಕನ್ನಡದಲ್ಲಿ ಹೇಳುತ್ತ ಹೋದೆ. ಮಳೆಯಿಂದ ಆಟ ನಿಂತರೆ ಆ ರಾತ್ರಿಯ ಹಣವಿಲ್ಲ, ಕರಾರು ಮುಗಿಯುವ ಮುನ್ನ ಬೇರೆಡೆ ಹಾಡಿದರೆ ಮುಂಗಡವನ್ನು ಮರಳಿಸಬೇಕು ಎಂದಿತ್ತು. “ಮಳಿ ಬಂದ್ರ ರೊಕ್ಕ ಇಲ್ಲಂತ? ನನಗ ಯಾರೂ ಹೇಳಲೇ ಇಲ್ಲಲಾ!” ಎಂದರು. ಅದೇ ಕರಾರಿಗೆ ಅವರು ಎಂಟು ದಿನ ಮೊದಲೇ ಹೆಬ್ಬೆಟ್ಟು ಒತ್ತಿದ್ದರು. ಆ ತಿಂಗಳು ಮಳೆ ಬಿಡಲಿಲ್ಲ.

ಮುಂದೆ ನಾನು ಶಿಕ್ಷಕನಾದ ಮೇಲೆ ಜೆನ್ನಿ ಲಿಂಡ್ ಎಂಬ ಗಾಯಕಿಯ ವೃತ್ತಾಂತವನ್ನು ಓದಿದೆ. ಸ್ವೀಡನ್ ದೇಶದ ಈಕೆ ಗೀತನಾಟಕಗಳಲ್ಲಿ ಹಾಡಿ ನಟಿಸಿ ಯೂರೋಪಿನಲ್ಲೆಲ್ಲ ಖ್ಯಾತಳಾಗಿದ್ದಳು. ಅಮೆರಿಕದ ಪಿ. ಟಿ. ಬಾರ್ನಮ್ ಎಂಬ ವ್ಯವಸ್ಥಾಪಕನು ಅವಳ ಕಂಠವನ್ನು ಒಮ್ಮೆಯೂ ಕೇಳದೆ, ಮಧ್ಯಸ್ಥನ ಕೈಯಲ್ಲಿ ಪತ್ರ ಕೊಟ್ಟು ಕಳುಹಿಸಿದನು. 1850ರ ಜನವರಿಯಲ್ಲಿ ಕರಾರಾಯಿತು. 150 ಕಚೇರಿಗಳವರೆಗೆ ಕಚೇರಿಯೊಂದಕ್ಕೆ 1,000 ಡಾಲರ್, ಮೇಲೆ ಪ್ರವಾಸದ ಖರ್ಚು. ಅವಳಿಗೂ ಜೊತೆಯ ಇಬ್ಬರು ಸಂಗೀತಗಾರರಿಗೂ ಸೇರಿ 1,87,500 ಡಾಲರನ್ನು ಬಾರ್ನಮ್ ಮುಂಚಿತವಾಗಿಯೇ ಲಂಡನ್ನಿನಲ್ಲಿ ಠೇವಣಿ ಇಡಬೇಕಾಯಿತು. ಧರ್ಮಾರ್ಥವಾಗಿ ಹಾಡುವ ಸ್ವಾತಂತ್ರ್ಯವೂ, ದಂಡ ತೆತ್ತು ನಡುವೆ ಬಿಡುವ ದಾರಿಯೂ ಬರೆಹದಲ್ಲಿದ್ದವು. ತೊಂಬತ್ತಕ್ಕೂ ಹೆಚ್ಚು ಕಚೇರಿಗಳಾದ ಮೇಲೆ, 1851ರಲ್ಲಿ, ಅವಳು ಅದೇ ದಾರಿಯಿಂದ ಹೊರಬಂದಳು.

ಇಬ್ಬರ ಖ್ಯಾತಿಯಲ್ಲಿ ಅಜಗಜಾಂತರವಿದ್ದೀತು. ಆದರೆ ಒಬ್ಬಳು ಕರಾರನ್ನು ಅರಿತು ರುಜು ಹಾಕಿದಳು, ಇನ್ನೊಬ್ಬಳು ಅರಿಯದೆ ಹೆಬ್ಬೆಟ್ಟು ಒತ್ತಿದಳು. ಕಂಠ ಗಾಯಕಿಯದೇ ಆದರೂ ಅದರ ಗಳಿಕೆ ಯಾರದೆಂಬುದನ್ನು ಕಾಗದವೇ ನಿರ್ಣಯಿಸುತ್ತದೆ.

ಆದ್ದರಿಂದಲೇ ನಾನು ಮಕ್ಕಳಿಗೆ ನಾಲ್ಕು ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸುತ್ತಿದ್ದೆ: ಹಣವೆಷ್ಟು, ಯಾವಾಗ? ಕೆಲಸ ನಿಂತರೆ ನಷ್ಟ ಯಾರದು? ಬಿಡಬೇಕಾದರೆ ದಾರಿ ಯಾವುದು? ಪತ್ರದ ನಕಲು ನನ್ನ ಬಳಿ ಇದೆಯೇ? ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕೆ ಸೇರಿದ ನನ್ನ ವಿದ್ಯಾರ್ಥಿಯೊಬ್ಬನು, “ಗುರುಗಳೇ, ಕೂಲಿಯ ಚೀಟಿ ನೋಡುವಾಗ ಆ ನಾಲ್ಕೂ ನೆನಪಾಗ್ತಾವ” ಎಂದಾಗ ನನ್ನ ಪಾಠ ಸಾರ್ಥಕವೆನಿಸಿತು.

ನಮ್ಮ ಮಕ್ಕಳು ಮರಾಠಿಯನ್ನು ಓದಲಿ, ಇಂಗ್ಲಿಷನ್ನೂ ಕಲಿಯಲಿ. ಆದರೆ ಓದಿದ್ದನ್ನು ಮನೆಯ ಹಿರಿಯರಿಗೆ ತಿಳಿಗನ್ನಡದಲ್ಲಿ ಬಿಡಿಸಿ ಹೇಳುವಷ್ಟು ಕನ್ನಡ ಅವರಲ್ಲಿ ಉಳಿಯಲೆಂಬುದೇ ಈ ಮುದಿ ಶಿಕ್ಷಕನ ಹಾರೈಕೆ.