ಗೊರೂರಿನ ಹಿನ್ನೀರಿನಲ್ಲಿ ಗಾಳ ಹಾಕುವವರ ಹರಿಗೋಲು: ಅದರ ಪೋಷಣೆ ಮತ್ತು ಸಜ್ಜು

ಹಾಸನ ಜಿಲ್ಲೆಯ ಗೊರೂರಿನ ಬಳಿ ಹೇಮಾವತಿ ನದಿಗೆ ಕಟ್ಟಿರುವ ಅಣೆಕಟ್ಟು 1979ನೆಯ ಇಸವಿಯಲ್ಲಿ ಪೂರ್ಣವಾಯಿತು. ಅದರ ಉದ್ದವು 4692 ಮೀಟರು; ಜಲಾಶಯವು ತುಂಬಿ ನಿಂತಾಗ ನೀರು ಸುಮಾರು 8500 ಹೆಕ್ಟೇರು ನೆಲವನ್ನು ಆವರಿಸುತ್ತದೆ. ಅದಕ್ಕೆ ಮೊದಲು ಇಲ್ಲಿದ್ದುದು ಬಂಡೆ, ಮಡು, ಮರಳದಿಣ್ಣೆಗಳ ನಡುವೆ ಹರಿಯುವ ಹೊಳೆ; ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ (1904–1991) ಬರಹಗಳಿಂದ ಕನ್ನಡ ನಾಡಿಗೆಲ್ಲ ಪರಿಚಿತವಾದ ಹೊಳೆ. ಹರಿಗೋಲು ಅಂತಹ ಹೊಳೆಗೆಂದೇ ಹುಟ್ಟಿದ ದೋಣಿಯಾಗಿದೆ. ಹಿನ್ನೀರಿನ ದಡದ ಊರುಗಳಲ್ಲಿ ಬೇಸಾಯದ ಬಿಡುವು ನೋಡಿ ಗಾಳ ಹಾಕಲು ಹೋಗುವವರು ಇಂದಿಗೂ ಹರಿಗೋಲನ್ನೇ ಬಳಸುತ್ತಾರೆ. ಆದರೆ ನೀರು ಬದಲಾಗಿದೆ. ಹರಿಗೋಲಿನ ಹೊದಿಕೆಯೂ ಬದಲಾಗಿದೆ. ಅದನ್ನು ನೋಡಿಕೊಳ್ಳುವ ರೀತಿಯು ಮಾತ್ರ ಬಹುಮಟ್ಟಿಗೆ ಹಳೆಯದಾಗಿಯೇ ಉಳಿದಿದೆ. ಅಪಾಯವು ಹುಟ್ಟುವುದು ಈ ಅಂತರದಲ್ಲಿಯೇ.

ಹರಿಗೋಲಿನ ರಚನೆಯು ಬಹು ಪುರಾತನವಾದುದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು ತುಂಗಭದ್ರೆಯನ್ನು ದಾಟಿಸುವ ಬುಟ್ಟಿಯಾಕಾರದ ದೋಣಿಗಳನ್ನು ಕಂಡು, ಅವು ಒಳಗೆ ಬೆತ್ತದಿಂದಲೂ ಹೊರಗೆ ತೊಗಲಿನಿಂದಲೂ ಆದವೆಂದೂ, ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆಂದೂ, ಸದಾ ಸುತ್ತುತ್ತಲೇ ಸಾಗುತ್ತವೆಂದೂ ಬರೆದಿಟ್ಟಿದ್ದಾನೆ. ಸುತ್ತುವುದಕ್ಕೆ ಕಾರಣವೇನೆಂದರೆ, ಅದಕ್ಕೆ ಮುಂದು ಹಿಂದು ಇಲ್ಲ, ನೀರನ್ನು ಸೀಳಿ ಹಿಡಿಯುವ ಅಡಿಗಟ್ಟು ಇಲ್ಲ. ಈ ಕೊರತೆಯೇ ಹೊಳೆಯಲ್ಲಿ ಗುಣವಾಗುತ್ತಿತ್ತು. ತಳವು ಚಪ್ಪಟೆಯಾದುದರಿಂದ ಮೊಣಕಾಲುದ್ದದ ನೀರಿನಲ್ಲಿಯೂ ತೇಲುವುದು. ಬಂಡೆಗೆ ತಾಗಿದರೆ ಬಿದಿರು ಬಾಗಿ, ಹರಿಗೋಲು ತಿರುಗಿ ಪಕ್ಕಕ್ಕೆ ಜಾರುವುದು. ನೀರಿಲ್ಲದ ಕಡೆ ಒಬ್ಬನೇ ತಲೆಯ ಮೇಲೆ ಹೊತ್ತು ನಡೆಯಬಹುದು.

ತೊಗಲಿನ ಕಾಲದಲ್ಲಿ ಅಂಬಿಗನು ಕೆಲಸ ಮುಗಿದೊಡನೆ ಹರಿಗೋಲನ್ನು ದಡಕ್ಕೆಳೆದು ಬೋರಲು ಹಾಕಿ ಒಣಗಿಸುತ್ತಿದ್ದನು. ಹಾಗೆ ಮಾಡದಿದ್ದರೆ ತೊಗಲು ಕೊಳೆತು ನಾರುತ್ತಿತ್ತು. ತೊಗಲಿನ ಸಲುವಾಗಿ ಮಾಡಿದ ಈ ಕೆಲಸದಿಂದ ಬಿದಿರೂ ತಾನಾಗಿ ಒಣಗುತ್ತಿತ್ತು. ಈಗ ಹೊದಿಕೆಯು ಪ್ಲಾಸ್ಟಿಕ್ ಹಾಳೆ ಅಥವಾ ಹೆಣೆದ ಗೊಬ್ಬರದ ಚೀಲಗಳಿಂದ ಆದುದು. ಅದರ ಮೇಲೆ ಡಾಂಬರು. ಇದು ಕೊಳೆಯುವುದಿಲ್ಲ, ನಾರುವುದಿಲ್ಲ. ಆದುದರಿಂದ ಒಡೆಯನು ಅದನ್ನು ನೀರಿನ ಅಂಚಿನಲ್ಲಿಯೇ ಕಟ್ಟಿಬಿಟ್ಟು ಮನೆಗೆ ಹೋಗುತ್ತಾನೆ. ಹೊರಗಿನಿಂದ ಕಪ್ಪಗೆ ಗಟ್ಟಿಯಾಗಿ ಕಾಣುವ ಹೊದಿಕೆಯ ಹಿಂದೆ, ಎರಡು ತಿಂಗಳ ತೇವದಲ್ಲಿ, ಬಿದಿರು ಮೆಲ್ಲನೆ ಮೆತ್ತಗಾಗುತ್ತದೆ. ಹಿಂದೆ ಮೊದಲು ಕೆಡುತ್ತಿದ್ದುದು ಹೊದಿಕೆ, ಅದು ಕಣ್ಣಿಗೆ ಕಾಣುತ್ತಿತ್ತು. ಈಗ ಮೊದಲು ಕೆಡುವುದು ಒಳಗಿನ ಚೌಕಟ್ಟು, ಅದು ಕಾಣುವುದಿಲ್ಲ. ಹೊಸ ಹರಿಗೋಲಿನ ಪೋಷಣೆಯಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ತಿಳಿಯತಕ್ಕ ಸಂಗತಿ ಇದು.

ಬಿದಿರಿನ ವಿಚಾರದಲ್ಲಿ ಎಚ್ಚರವು ಕಡಿಯುವಾಗಲೇ ಆರಂಭವಾಗಬೇಕು. ಎಳೆಯ ಬಿದಿರಿನಲ್ಲಿ ಪಿಷ್ಟವು ಹೆಚ್ಚು. ಕೊರೆಯುವ ಹುಳುವಿಗೆ ಅದೇ ಆಹಾರ. ಮೂರು ನಾಲ್ಕು ವರ್ಷ ಬಲಿತ ಬಿದಿರನ್ನು, ಮಳೆಗಾಲ ಮುಗಿದು ಚಳಿ ಬಿದ್ದ ಮೇಲೆ ಕಡಿದು, ಹರಿಯುವ ನೀರಿನಲ್ಲಿ ಕೆಲವು ವಾರ ಮುಳುಗಿಸಿಟ್ಟರೆ ಪಿಷ್ಟದ ಬಹುಭಾಗ ತೊಳೆದುಹೋಗುವುದು. ಅನಂತರ ನೆರಳಿನಲ್ಲಿ ಒಣಗಿಸಿ ಸೀಳಬೇಕು. ಕೆಲವು ವಾರಗಳ ಈ ಕಾಯುವಿಕೆಯನ್ನು ಉಳಿಸಲು ಹೋಗಿ ವರ್ಷದೊಳಗೆ ಹರಿಗೋಲನ್ನೇ ಕಳೆದುಕೊಳ್ಳುವವರುಂಟು. ದಬ್ಬೆಗಳ ಸಂದಿನಲ್ಲಿ ಹಿಟ್ಟಿನಂತಹ ಬಿಳಿಯ ಪುಡಿ ಉದುರಿದ್ದರೆ ಹುಳು ಹೊಕ್ಕಿದೆಯೆಂದೇ ತಿಳಿಯಬೇಕು.

ವರ್ಷಕ್ಕೊಮ್ಮೆ ಮಾಡುವ ಪೂರ್ಣ ಪರೀಕ್ಷೆಗೆ ಏಪ್ರಿಲ್–ಮೇ ತಿಂಗಳುಗಳು ಯೋಗ್ಯವಾದ ಕಾಲ. ಆಗ ಬಿಸಿಲು ಬಲವಾಗಿರುವುದರಿಂದ ಬಿದಿರು ಒಳಗಿನವರೆಗೆ ಒಣಗುವುದು. ಹರಿಗೋಲನ್ನು ದಡದಿಂದ ದೂರ ತಂದು, ಒಳಗಿನ ಕೆಸರು, ಮೀನಿನ ಪೊರೆ, ಹುಲ್ಲು ಮುಂತಾದುವನ್ನು ಸಿಹಿನೀರಿನಿಂದ ತೊಳೆದು, ನಾಲ್ಕಾರು ದಿನ ಗಾಳಿಯಾಡುವಂತೆ ಓರೆಯಾಗಿ ನಿಲ್ಲಿಸಬೇಕು. ಬಳಿಕ ತಳದ ದಬ್ಬೆಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಒಳ್ಳೆಯ ದಬ್ಬೆಯು ಬಾಗಿ ಮತ್ತೆ ಏಳುವುದು. ಕೆಟ್ಟದ್ದು ತಗ್ಗಿ ತಗ್ಗಿಯೇ ಉಳಿಯುವುದು. ತಳವು ಮೇಲಕ್ಕೆ ತಿರುಗುವ ಮೂಲೆಯಲ್ಲಿ ನೀರು ನಿಲ್ಲುವುದರಿಂದ ಅಲ್ಲಿ ಎರಡು ಸಲ ನೋಡಿದರೂ ಹೆಚ್ಚಲ್ಲ. ಬಾಯಿಯ ಅಂಚಿನಲ್ಲಿ ದಬ್ಬೆಯ ತುದಿಗಳು ಒಂದರ ಮೇಲೊಂದು ಕೂಡುವ ಕಡೆ ಕಟ್ಟು ಸಡಿಲಿದ್ದರೆ ಹೊಸದಾಗಿ ಕಟ್ಟಬೇಕು. ಇಡೀ ಹರಿಗೋಲಿನ ಆಕಾರವನ್ನು ಹಿಡಿದಿಡುವುದು ಆ ಅಂಚೇ. ಕೆಟ್ಟ ದಬ್ಬೆಯನ್ನು ಕಿತ್ತೆಸೆಯುವುದಕ್ಕಿಂತ ಅದರ ಪಕ್ಕದಲ್ಲಿಯೇ, ಎರಡು ಕಡೆಯೂ ಗಟ್ಟಿ ಭಾಗವನ್ನು ಮುಟ್ಟುವಷ್ಟು ಉದ್ದದ ಹೊಸ ದಬ್ಬೆಯನ್ನು ಹೊಗಿಸಿ ಕಟ್ಟುವುದು ಲೇಸು; ಹೆಣಿಗೆ ಕದಲುವುದಿಲ್ಲ. ಅಡ್ಡ ಹಾಯುವ ದಬ್ಬೆಗಳಲ್ಲಿ ನಾಲ್ಕೈದು ಒಂದೇ ಕಡೆ ಕೆಟ್ಟಿದ್ದರೆ ತೇಪೆಯ ಕೆಲಸ ಬೇಡ. ಮೇದರಲ್ಲಿ ಹೊಸ ಬುಟ್ಟಿಯನ್ನೇ ಹೆಣೆಯಿಸತಕ್ಕದ್ದು.

ಹೊದಿಕೆಯ ತೂತುಗಳನ್ನು ಹುಡುಕಲು ಸುಲಭವಾದ ಉಪಾಯವಿದೆ. ಒಳ್ಳೆಯ ಬಿಸಿಲಿನಲ್ಲಿ ಹರಿಗೋಲನ್ನು ಬೋರಲು ಹಾಕಿ ಒಬ್ಬನು ಅದರ ಅಡಿಯಲ್ಲಿ ಕುಳಿತುಕೊಳ್ಳಬೇಕು. ಡಾಂಬರು ಸವೆದ ಕಡೆ ಮಂಕು ಬೆಳಕೂ, ತೂತಿರುವ ಕಡೆ ನಕ್ಷತ್ರದಂತಹ ಚುಕ್ಕೆಯೂ ಕಾಣುವುದು. ಒಳಗಿನವನು ಕಡ್ಡಿಯಿಂದ ತಟ್ಟಿದಲ್ಲಿ ಹೊರಗಿನವನು ಸುಣ್ಣದ ಗುರುತು ಹಾಕಲಿ. ಮಕ್ಕಳಿಗೆ ಈ ಕೆಲಸದಲ್ಲಿ ಬಹಳ ಉತ್ಸಾಹ. ಅವರ ಕಣ್ಣೂ ಚುರುಕು.

ತೇಪೆಯು ತೂತಿಗಿಂತ ಸುತ್ತಲೂ ನಾಲ್ಕು ಅಂಗುಲ ದೊಡ್ಡದಾಗಿರಬೇಕು, ಮೂಲೆಗಳನ್ನು ದುಂಡಗೆ ಕತ್ತರಿಸಿರಬೇಕು. ಚೂಪು ಮೂಲೆಯು ಬಂಡೆಗೆ ಉಜ್ಜಿದಾಗ ಮೊದಲು ಏಳುತ್ತದೆ. ಹಳೆಯ ಸಡಿಲ ಡಾಂಬರನ್ನು ಕೆರೆದು, ಧೂಳು ಒರೆಸಿ, ಪೂರ್ಣ ಒಣಗಿದ ಮೇಲೆ ತೆಳುವಾಗಿ ಡಾಂಬರು ಬಳಿದು, ಗಟ್ಟಿ ಬಟ್ಟೆಯನ್ನು ಒತ್ತಿ ಕೂರಿಸಿ, ಅದರ ಮೇಲೆ ಮತ್ತೊಮ್ಮೆ ಬಳಿಯಬೇಕು. ದಪ್ಪವಾಗಿ ಒಂದೇ ಸಲ ಬಳಿಯುವುದು ಸಾಮಾನ್ಯವಾದ ತಪ್ಪು. ದಪ್ಪ ಡಾಂಬರು ಬಿಸಿಲಿಗೆ ಇಳಿದುಹೋಗುವುದು, ಚಳಿಗೆ ಬಿರಿಯುವುದು, ಭಾರವನ್ನೂ ಹೆಚ್ಚಿಸುವುದು. ಆದರೆ ಡಾಂಬರು ಹೋದ ಕಡೆ ಹಾಳೆಯನ್ನು ಬರಿದಾಗಿ ಬಿಡಲೂ ಕೂಡದು. ಬಿಸಿಲಿನ ಅತಿನೇರಳೆ ಕಿರಣಗಳು ತಾಗಿ ಪ್ಲಾಸ್ಟಿಕ್ಕು ಬಿಳಿಚಿ, ಹಪ್ಪಳದಂತೆ ಮುರಿಯುವ ಸ್ಥಿತಿಗೆ ಬರುವುದು. ಡಾಂಬರು ಕಾಯಿಸುವ ಪಾತ್ರೆಯಲ್ಲಿ ಒಂದು ಹನಿ ನೀರೂ ಇರಬಾರದು. ಇದ್ದರೆ ಉಕ್ಕಿ ಮೈಮೇಲೆ ಸಿಡಿಯುವುದು. ಸೀಮೆಎಣ್ಣೆಯನ್ನು ಬೆರೆಸಬೇಕಾದರೆ ಪಾತ್ರೆಯನ್ನು ಬೆಂಕಿಯಿಂದ ದೂರ ಒಯ್ದು ಸ್ವಲ್ಪ ಆರಿದ ಮೇಲೆಯೇ ಬೆರೆಸತಕ್ಕದ್ದು. ಬೆಂಕಿ ಹತ್ತಿದರೆ ನೀರು ಸುರಿಯದೆ ಮುಚ್ಚಳ ಅಥವಾ ಮರಳಿನಿಂದ ಮುಚ್ಚಬೇಕು.

ಇನ್ನು ನೀರಿನ ವಿಚಾರ. ಹೊಳೆಯ ಅಗಲವು ಕಿರಿದು. ಎಷ್ಟು ಗಾಳಿ ಬೀಸಿದರೂ ದೊಡ್ಡ ಅಲೆ ಏಳಲು ಅಲ್ಲಿ ಎಡೆಯಿಲ್ಲ. ಜಲಾಶಯದಲ್ಲಿ ಹಾಗಲ್ಲ. ಗಾಳಿಯು ತೆರೆದ ನೀರಿನ ಮೇಲೆ ಎಷ್ಟು ದೂರ ತಡೆಯಿಲ್ಲದೆ ಸಾಗುವುದೋ ಅಷ್ಟಕ್ಕೂ ಅಲೆ ಬೆಳೆಯುವುದು. ಗಾಳಿ ಬರುವ ದಡದಲ್ಲಿ ಶಾಂತವಾಗಿ ತೋರುವ ನೀರು, ಎದುರು ದಡದ ಹತ್ತಿರ ಹರಿಗೋಲಿನ ಅಂಚನ್ನು ದಾಟುವಷ್ಟು ಏಳಬಹುದು. ಹರಿಗೋಲಿಗೆ ಅಡಿಗಟ್ಟಿಲ್ಲದ ಕಾರಣ ಗಾಳಿಗೆದುರಾಗಿ ಹುಟ್ಟು ಹಾಕುವುದು ಎಂತಹ ಬಲಶಾಲಿಗೂ ಕಷ್ಟ. ಆದುದರಿಂದ ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ದಣಿದು ಮರಳುವಾಗ ಗಾಳಿಯ ಜೊತೆಗೆ ಬರುವಂತೆ ಸ್ಥಳವನ್ನು ಆರಿಸಿಕೊಳ್ಳುವುದು ಬುದ್ಧಿವಂತಿಕೆ.

ಇಲ್ಲಿ ಒಂದು ಲೆಕ್ಕವನ್ನು ಪ್ರತಿಯೊಬ್ಬನೂ ಬಾಯಿಪಾಠ ಮಾಡಿಡುವುದು ಒಳ್ಳಿತು. ತಳದ ಅಡ್ಡಳತೆ ಆರು ಅಡಿಯಿರುವ ಹರಿಗೋಲಿನಲ್ಲಿ ಒಂದು ಅಂಗುಲ ನೀರು ನಿಂತರೆ ಅದರ ಪ್ರಮಾಣ ಸುಮಾರು 67 ಲೀಟರು, ತೂಕ 67 ಕಿಲೋಗ್ರಾಮು. ಎಂದರೆ ಪೂರ್ಣ ಬೆಳೆದ ಒಬ್ಬ ಮನುಷ್ಯನ ಭಾರ. ಒಬ್ಬನು ಹತ್ತಿದರೆ ಹರಿಗೋಲು ಸುಮಾರು ಒಂದು ಅಂಗುಲ ಇಳಿಯುವುದೂ ಇದೇ ಲೆಕ್ಕದಿಂದ. ಪಾದ ಮಾತ್ರ ನೆನೆಯುವ ಮೂರು ಅಂಗುಲ ನೀರನ್ನು ‘ಸ್ವಲ್ಪ ಸೋರುತ್ತಿದೆ’ ಎಂದು ಅಲಕ್ಷಿಸಿ ಕುಳಿತವರು ಕರೆಯದೆ ಬಂದ ಮೂವರನ್ನು ಹತ್ತಿಸಿಕೊಂಡಂತಾಯಿತು. ಈ ಮೂವರು ಒಂದೆಡೆ ಕೂರುವವರೂ ಅಲ್ಲ. ಮೀನು ಎಳೆಯಿತೆಂದು ಗಾಳದವನು ಒಂದು ಪಕ್ಕಕ್ಕೆ ವಾಲಿದೊಡನೆ ನೀರೆಲ್ಲ ಆ ಪಕ್ಕಕ್ಕೇ ಓಡಿ, ವಾಲಿದ ಅಂಚನ್ನು ಇನ್ನಷ್ಟು ಅದುಮುವುದು. ಹರಿಗೋಲು ಮಗುಚುವುದು ಹೆಚ್ಚಾಗಿ ಹೀಗೆಯೇ. ಆದಕಾರಣ ನೀರು ತೋಡುವ ಡಬ್ಬವನ್ನು ಅಂಚಿಗೆ ದಾರದಿಂದ ಕಟ್ಟಿಯೇ ಇಡಬೇಕು. ನೀರು ಅರ್ಧ ಅಂಗುಲವಾಗುವ ಮೊದಲೇ ತೋಡಿ ಹಾಕಬೇಕು. ಎಲ್ಲರೂ ಕುಳಿತ ಮೇಲೆ ನೀರಿನ ಮಟ್ಟದಿಂದ ಅಂಚಿನವರೆಗೆ ಒಂದು ಅಡಿಯಾದರೂ ಉಳಿದಿರದಿದ್ದರೆ ಒಬ್ಬನು ಇಳಿಯತಕ್ಕದ್ದು. ಇಳಿಯುವವನು ನೆಂಟನಾದರೂ ಸಂಕೋಚ ಬೇಡ.

ಮುಳುಗದಂತೆ ಮಾಡುವ ಸಜ್ಜು ಅಗ್ಗವಾಗಿಯೇ ದೊರೆಯುವುದು. ಬಿಗಿಯಾದ ಮುಚ್ಚಳವಿರುವ 20 ಲೀಟರಿನ ಖಾಲಿ ಪ್ಲಾಸ್ಟಿಕ್ ಕ್ಯಾನುಗಳು ನಾಲ್ಕನ್ನು ಒಳಗಡೆ ಅಂಚಿನ ಕೆಳಗೆ ನಾಲ್ಕು ದಿಕ್ಕಿಗೂ ಸಮನಾಗಿ ಬಿಗಿದು ಕಟ್ಟಿದರೆ, ಹರಿಗೋಲು ನೀರು ತುಂಬಿಕೊಂಡಾಗ ಅವು ಹೆಚ್ಚು ಕಡಿಮೆ 80 ಕಿಲೋಗ್ರಾಮು ಭಾರವನ್ನು ಎತ್ತಿ ಹಿಡಿಯುವುವು. ಕತ್ತಿನವರೆಗೆ ನೀರಿನಲ್ಲಿರುವ ಮನುಷ್ಯನ ಭಾರ ಕೆಲವೇ ಕಿಲೋಗ್ರಾಮು ಆದುದರಿಂದ ನಾಲ್ವರು ಅಂಚನ್ನು ಹಿಡಿದು ತೇಲಲು ಇದು ಸಾಕು. ಹತ್ತಲು ಯತ್ನಿಸಿದರೆ ಮಾತ್ರ ಸಾಲದು. ಕ್ಯಾನನ್ನು ತಳದಲ್ಲಿ ಸುಮ್ಮನೆ ಉರುಳಿಸಿಟ್ಟರೆ ಮಗುಚಿದಾಗ ಅದು ತಾನೊಂದೇ ತೇಲಿಹೋಗುವುದು. ಫೈಬರ್ ಹರಿಗೋಲನ್ನು ಕೊಂಡವರು ‘ಇದಕ್ಕೆ ಇವೆಲ್ಲ ಬೇಡ’ ಎಂದು ತಿಳಿಯುವುದುಂಟು. ವಾಸ್ತವವಾಗಿ ಅದಕ್ಕೇ ಹೆಚ್ಚು ಬೇಕು. ಬಿದಿರು ನೀರಿಗಿಂತ ಹಗುರ, ಫೈಬರ್ ನೀರಿಗಿಂತ ಭಾರ. ಬಿದಿರಿನ ಬುಟ್ಟಿ ನೀರು ತುಂಬಿದರೂ ಅಂಚು ತೋರಿಸುತ್ತ ನಿಲ್ಲುವುದು, ಫೈಬರಿನದು ತಳ ಸೇರುವುದು.

ಲೈಫ್ ಜಾಕೆಟ್ಟು ತಲೆಗೊಂದರಂತೆ ಇರಬೇಕು, ಮೈಮೇಲೆ ಇರಬೇಕು. ಅದನ್ನು ಮೆತ್ತೆಯಾಗಿ ಹಾಕಿಕೊಂಡು ಕುಳಿತರೆ ಒಳಗಿನ ತೇಲುವ ವಸ್ತುವು ನಜ್ಜುಗುಜ್ಜಾಗಿ ಕೆಲಸಕ್ಕೆ ಬಾರದು. ವರ್ಷಕ್ಕೊಮ್ಮೆ ದಡದ ಬಳಿ ಎದೆಯುದ್ದದ ನೀರಿನಲ್ಲಿ ತೊಟ್ಟು ಕಾಲು ಬಿಟ್ಟು ನೋಡಿದರೆ ಅದರ ಯೋಗ್ಯತೆ ತಿಳಿಯುವುದು. ಈಜು ಬಲ್ಲವರಿಗೆ ಇದು ಬೇಡವೆಂಬ ಮಾತು ಸರಿಯಲ್ಲ. ಬಟ್ಟೆ ತೊಟ್ಟು, ಗಾಳದ ದಾರ ಕಾಲಿಗೆ ಸುತ್ತಿ ಬಿದ್ದವನ ಈಜು ಬೇರೆ.

ಗಾಳ ಹಾಕುವವರಿಗೆ ಬೇಕಾದ ಇತರ ಸಜ್ಜು ಸ್ವಲ್ಪವೇ. ತಳಕ್ಕೆ ಬಿದಿರಿನ ಚಾಪೆ ಅಥವಾ ಹಗುರವಾದ ಹಲಗೆಯನ್ನು ಹಾಸಬೇಕು. ಕಾಲಿನ ಒತ್ತಡ ಒಂದೇ ದಬ್ಬೆಯ ಮೇಲೆ ಬೀಳದು, ಜಾರಿದ ಗಾಳವು ಹೊದಿಕೆಗೆ ಚುಚ್ಚದು. ಗಾಳಗಳನ್ನು ಮುಚ್ಚಳದ ಡಬ್ಬದಲ್ಲಿಟ್ಟು ನಡುವೆ ಇಡಬೇಕು. ಮೊಳೆ ಹೊಡೆದ ಚಪ್ಪಲಿ ದಡದಲ್ಲಿಯೇ ಉಳಿಯಲಿ. ಲಂಗರಿಗೆ ಕಬ್ಬಿಣದ ಕೊಕ್ಕೆ ಬೇಡ. ಬಲೆಯ ಚೀಲದಲ್ಲಿ ಹಾಕಿದ ಕಲ್ಲು ಸಾಕು. ಹಗ್ಗವು ನೀರಿನ ಆಳಕ್ಕೆ ಮೂರು ಪಾಲು ಉದ್ದವಿರಬೇಕು. ಗಿಡ್ಡ ಹಗ್ಗವು ಅಲೆ ಬಂದಾಗ ಅಂಚನ್ನು ಕೆಳಕ್ಕೆ ಜಗ್ಗುವುದು. ಎಳೆದರೆ ಬಿಚ್ಚುವ ಗಂಟನ್ನೇ ಹಾಕಿ, ಪಕ್ಕದಲ್ಲಿ ಚಾಕು ಇಟ್ಟುಕೊಳ್ಳಬೇಕು. ಹುಟ್ಟು ಒಂದೇ ಇದ್ದರೆ ಅದು ಕೈ ಜಾರಿದ ದಿನ ಹರಿಗೋಲು ಗಾಳಿಯ ಸೊತ್ತಾಗುವುದು. ಎರಡನೆಯದನ್ನು ಒಳಗೆ ಕಟ್ಟಿಡತಕ್ಕದ್ದು. ಗಾಳದವನೂ ಹುಟ್ಟಿನವನೂ ಎದುರುಬದುರಾಗಿ ಕುಳಿತು, ಒಬ್ಬನು ವಾಲಿದಾಗ ಇನ್ನೊಬ್ಬನು ಹಿಂದಕ್ಕೆ ಒರಗುವ ಅಭ್ಯಾಸ ಮಾಡಿಕೊಳ್ಳಬೇಕು. ಎದ್ದು ನಿಂತು ಮೀನೆಳೆಯುವುದು ಸರ್ವಥಾ ಕೂಡದು.

ಬೇಸಿಗೆಯಲ್ಲಿ ನೀರಿಳಿದಾಗ ಮುಳುಗಡೆಯಾದ ಮರಗಳ ಬೊಡ್ಡೆ, ಹಳೆಯ ಬಾವಿಯ ಕಟ್ಟೆ, ಗೋಡೆಗಳು ಹೊರಗೆ ಕಾಣುವುವು. ಆಗಲೇ ದಡದ ಗುರುತುಗಳ ನೇರಕ್ಕೆ ಅವುಗಳ ಜಾಗವನ್ನು ನೋಡಿಟ್ಟುಕೊಂಡರೆ, ಮೇಲೆ ಒಂದು ಮೊಳ ನೀರು ನಿಂತ ಕಾಲದಲ್ಲಿ ತಳ ಸೀಳುವುದು ತಪ್ಪುವುದು. ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಗೋಡೆಗಳ ನಡುವೆ ಹರಿಗೋಲು ನುಗ್ಗಿಸುವ ಆಸೆ ಕೆಲವರಿಗೆ. ವರ್ಷವರ್ಷವೂ ನೆನೆದು ಒಣಗಿ ಶಿಥಿಲವಾದ ಆ ಗೋಡೆಗಳಿಂದ ದೂರವಿರುವುದೇ ಸರಿ. ಅಣೆಕಟ್ಟಿನ ಸಮೀಪಕ್ಕೂ, ಅದರ ಕೆಳಗಿನ ಹೊಳೆಗೂ ಹೋಗಬಾರದು. ಬಾಗಿಲು ತೆರೆದಾಗ ನೀರು ಏರುವ ವೇಗವು ಹರಿಗೋಲಿನ ವೇಗಕ್ಕಿಂತ ಹೆಚ್ಚು. ಜಲಾಶಯದಲ್ಲಿ ಮೀನು ಹಿಡಿಯಲು ಮೀನುಗಾರಿಕೆ ಇಲಾಖೆಯ ಅನುಮತಿ ಬೇಕೆಂಬುದನ್ನೂ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಬಳಿ ಕಾವೇರಿಯಲ್ಲಿರುವ ಮೀನುಗಳು ರಕ್ಷಿತವಾದುವೆಂಬುದನ್ನೂ ಹವ್ಯಾಸಿಗಳು ಮರೆಯಬಾರದು.

ಜೂನ್ ತಿಂಗಳಲ್ಲಿ ಮುಂಗಾರು ಗಾಳಿ ಎದ್ದು, ಹೇಮಾವತಿಯು ಮರದ ದಿಮ್ಮಿಗಳನ್ನು ಹೊತ್ತು ತರಲು ತೊಡಗಿದ ಮೇಲೆ ಗಾಳದ ಹರಿಗೋಲಿಗೆ ನೀರಿನಲ್ಲಿ ಕೆಲಸವಿಲ್ಲ. ಅದನ್ನು ಕೊಟ್ಟಿಗೆಯ ಮಾಡಿನ ಕೆಳಗೆ ಮೂರು ಕಲ್ಲುಗಳ ಮೇಲೆ ಬೋರಲು ಹಾಕಿ, ಅಂಚು ನೆಲಕ್ಕೆ ತಾಗದಂತೆ, ಅಡಿಯಲ್ಲಿ ಗಾಳಿಯಾಡುವಂತೆ ಇಡಬೇಕು. ಮೇಲೆ ಸೌದೆ, ಹುಲ್ಲು ಹೇರಬಾರದು. ಕೋಳಿಗಳು ಅಡಿಯಲ್ಲಿ ಮೊಟ್ಟೆಯಿಡಲು ಬಂದರೆ ಅಡ್ಡಿಯಿಲ್ಲ. ಇಲಿಗಳು ಬರದಂತೆ ಮಾತ್ರ ನೋಡಿಕೊಳ್ಳತಕ್ಕದ್ದು, ಮೀನಿನ ವಾಸನೆಗೆ ಬಂದು ಅವು ಕಟ್ಟಿನ ದಾರವನ್ನು ಕಡಿಯುವುವು.